ಕಲ್ಯಾಣ ಮಂಟಪ, ಸಭಾಂಗಣ, ಕ್ರೀಡಾಂಗಣಗಳಿಗೆ ತುರ್ತು ಪ್ರಕಟಣಾ ವ್ಯವಸ್ಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲ್ಯಾಣ ಮಂಟಪ, ಸಮುದಾಯ ಭವನ, ರಂಗಮಂದಿರ, ಕಾಲೇಜು ಸಭಾಂಗಣ, ಕ್ರೀಡಾಂಗಣಗಳನ್ನು ನಡೆಸುವ ಮಾಲೀಕರು, ಟ್ರಸ್ಟಿಗಳು ಮತ್ತು ವ್ಯವಸ್ಥಾಪಕರನ್ನು ಗಮನದಲ್ಲಿಟ್ಟುಕೊಂಡು ಈ ಪ್ರಶ್ನೋತ್ತರವನ್ನು ಸಿದ್ಧಪಡಿಸಲಾಗಿದೆ. ಬೆಂಕಿ, ಹೊಗೆ, ಅಡುಗೆ ಅನಿಲದ ಸೋರಿಕೆ, ನೂಕುನುಗ್ಗಲು, ಬಾಂಬ್ ಬೆದರಿಕೆ, ಬಿರುಗಾಳಿ ಮುಂತಾದ ಸಂದರ್ಭಗಳಲ್ಲಿ ಸ್ಥಳದಲ್ಲಿರುವ ಎಲ್ಲರಿಗೂ ಒಟ್ಟಿಗೇ ವಿಷಯ ತಿಳಿಸಿ, ಸುರಕ್ಷಿತ ದಾರಿಯಲ್ಲಿ ಕಳುಹಿಸುವುದು ಈ ವ್ಯವಸ್ಥೆಯ ಕೆಲಸ. ಸಲಕರಣೆಗಳ ಕಂಪನಿಗಳನ್ನು ಇಲ್ಲಿ ಹೋಲಿಸಿಲ್ಲ. ಯಾವ ಕಂಪನಿಯದನ್ನು ಕೊಂಡರೂ, ಕೊನೆಯ ಮೂಲೆಯಲ್ಲಿ ಕುಳಿತವರಿಗೆ ಮಾತು ಅರ್ಥವಾಗುತ್ತದೆಯೇ ಮತ್ತು ಆ ಮಾತನ್ನು ಆಡುವ ಅಧಿಕಾರ ಆ ಹೊತ್ತಿಗೆ ಸ್ಥಳದಲ್ಲಿರುವವರ ಕೈಯಲ್ಲಿದೆಯೇ ಎಂಬೆರಡು ವಿಷಯಗಳು ಇತ್ಯರ್ಥವಾಗದಿದ್ದರೆ ಖರ್ಚು ಮಾಡಿದ ಹಣ ನೀರಿನಲ್ಲಿ ಹೋಮ ಮಾಡಿದಂತೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮಲ್ಲಿ ಫೈರ್ ಅಲಾರಂ ಇದೆ. ಅದು ಸಾಲದೇ?

ಸಾಲದು. ಗಂಟೆ ಅಥವಾ ಸೈರನ್ ಏನೋ ಆಗಿದೆ ಎಂದಷ್ಟೇ ಹೇಳುತ್ತದೆ. ಏನಾಗಿದೆ, ಎಲ್ಲಿ ಆಗಿದೆ, ಯಾವ ಬಾಗಿಲಿನತ್ತ ಹೋಗಬೇಕು ಎಂಬುದನ್ನು ಹೇಳುವುದಿಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಮಾನ್ಯುಮೆಂಟ್ ಎಂಬ ನೆಲದಡಿಯ ಮೆಟ್ರೋ ನಿಲ್ದಾಣದಲ್ಲಿ ನಡೆಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಕಣ್ಣು ತೆರೆಸುವಂಥದ್ದು. ಒಂದೇ ನಿಲ್ದಾಣವನ್ನು ಐದು ಬಗೆಯಲ್ಲಿ ತೆರವುಗೊಳಿಸಿ ನೋಡಿದಾಗ, ಬರೀ ಗಂಟೆ ಬಾರಿಸಿದ ಸಲ ಪ್ರಯಾಣಿಕರು ನಿಂತಲ್ಲೇ ನಿಂತು ರೈಲಿಗೆ ಕಾಯುತ್ತಿದ್ದರು ಮತ್ತು ಹೆಚ್ಚುಕಡಿಮೆ ಕಾಲು ಗಂಟೆ ಕಳೆದುಹೋಯಿತು. ಏನಾಗಿದೆ, ಯಾರು ಯಾವ ಕಡೆ ಹೋಗಬೇಕು ಎಂದು ಧ್ವನಿವರ್ಧಕದಲ್ಲಿ ಬಿಡಿಸಿ ಹೇಳಿದ ಸಲ ಆರೇಳು ನಿಮಿಷಗಳೊಳಗೆ ನಿಲ್ದಾಣ ಖಾಲಿಯಾಯಿತು.

ನಮ್ಮ ಮಂಟಪಗಳಲ್ಲಿ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಮದುವೆಗೆ ಬಂದವರಿಗೆ ಕಟ್ಟಡ ಹೊಸದು. ಅವರು ಒಳಬಂದ ಮುಖ್ಯದ್ವಾರವೊಂದನ್ನು ಬಿಟ್ಟು ಬೇರೆ ಬಾಗಿಲು ಎಲ್ಲಿದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ.

ಹಾಲ್‌ನಲ್ಲಿ ಒಳ್ಳೆಯ ಸೌಂಡ್ ಸಿಸ್ಟಂ ಹಾಕಿಸಿದ್ದೇವೆ. ಅದರಲ್ಲೇ ಘೋಷಣೆ ಮಾಡಬಾರದೇ?

ಮಾಡಬಹುದು, ಏನೂ ಇಲ್ಲದಿರುವುದಕ್ಕಿಂತ ಅದು ಮೇಲು. ಆದರೆ ಭಾಷಣ ಮತ್ತು ಸಂಗೀತಕ್ಕೆಂದು ಹಾಕಿದ ವ್ಯವಸ್ಥೆಗೂ ತುರ್ತು ಪ್ರಕಟಣೆಗೆಂದು ಹಾಕಿದ ವ್ಯವಸ್ಥೆಗೂ ನಡುವಿನ ವ್ಯತ್ಯಾಸ ಕೆಟ್ಟ ಗಳಿಗೆಯಲ್ಲೇ ಬಯಲಾಗುತ್ತದೆ. ಮಾಮೂಲಿ ವ್ಯವಸ್ಥೆಯಲ್ಲಿ ಇಲಿ ಕಡಿದು ಸ್ಪೀಕರ್ ತಂತಿ ತುಂಡಾದರೆ ಯಾರಿಗೂ ತಿಳಿಯುವುದಿಲ್ಲ. ತುರ್ತು ವ್ಯವಸ್ಥೆಯಲ್ಲಿ ಪ್ರತಿ ಮಾರ್ಗವನ್ನೂ ಯಂತ್ರವೇ ಸತತವಾಗಿ ಪರೀಕ್ಷಿಸುತ್ತಿರುತ್ತದೆ ಮತ್ತು ತಂತಿ ಕಡಿದರೆ ಅಥವಾ ಒಂದಕ್ಕೊಂದು ತಗುಲಿದರೆ ಪ್ಯಾನಲ್‌ನಲ್ಲಿ ದೀಪ ಹೊತ್ತಿ ಬೀಪ್ ಸದ್ದು ಬರುತ್ತದೆ. ಮಾಮೂಲಿ ಆಂಪ್ಲಿಫೈಯರ್ ಕರೆಂಟ್ ಹೋದೊಡನೆ ಸುಮ್ಮನಾಗುತ್ತದೆ. ತುರ್ತು ವ್ಯವಸ್ಥೆಗೆ ಸ್ವಂತ ಬ್ಯಾಟರಿ ಇರುತ್ತದೆ. ಮಾಮೂಲಿ ತಂತಿ ಬೆಂಕಿಯ ಬಿಸಿಗೆ ಕರಗುತ್ತದೆ. ತುರ್ತು ವ್ಯವಸ್ಥೆಗೆ ಬೆಂಕಿ ತಾಳುವ ಕೇಬಲ್ ಎಳೆಯುತ್ತಾರೆ.

ಇನ್ನೊಂದು ಮುಖ್ಯ ಅಂಶವೆಂದರೆ ಸ್ಪೀಕರ್‌ಗಳನ್ನು ಎರಡು ಪ್ರತ್ಯೇಕ ಮಾರ್ಗಗಳಲ್ಲಿ, ಒಂದು ಬಿಟ್ಟು ಒಂದರಂತೆ ಜೋಡಿಸುವುದು. ಒಂದು ಮಾರ್ಗ ಪೂರ್ತಿ ಕೆಟ್ಟರೂ ಹಾಲ್‌ನ ಎಲ್ಲ ಭಾಗದಲ್ಲೂ ಅರ್ಧದಷ್ಟು ಸ್ಪೀಕರ್‌ಗಳು ಮಾತನಾಡುತ್ತಿರುತ್ತವೆ. ದಿನನಿತ್ಯದ ಪ್ರಕಟಣೆಗಳಿಗೂ ಇದೇ ವ್ಯವಸ್ಥೆಯನ್ನು ಬಳಸುವುದು ಒಳ್ಳೆಯದು ಎಂದೇ ನಾನು ಸಲಹೆ ಮಾಡುತ್ತೇನೆ, ಏಕೆಂದರೆ ದಿನವೂ ಬಳಸುವ ಮೈಕ್ ಕೆಟ್ಟರೆ ಅದೇ ದಿನ ಗೊತ್ತಾಗುತ್ತದೆ.

ಈ ಬಗ್ಗೆ ಕಾನೂನು, ಮಾನದಂಡಗಳು ಏನು ಹೇಳುತ್ತವೆ?

ಭಾರತದಲ್ಲಿ ಮೊದಲು ನೋಡಬೇಕಾದದ್ದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗ. ಅಗ್ನಿ ಮತ್ತು ಜೀವರಕ್ಷಣೆಯ ಈ ಭಾಗದಲ್ಲಿ ಜನ ಸೇರುವ ಕಟ್ಟಡಗಳನ್ನು ಡಿ ಗುಂಪಿನಲ್ಲಿ ಇಡಲಾಗಿದೆ. ಧ್ವನಿ ಪ್ರಕಟಣೆ ಹಿಂದಿ, ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಯಲ್ಲಿರಬೇಕು, ಮೊದಲೇ ಧ್ವನಿಮುದ್ರಿತವಾಗಿರಬೇಕು, ಫೈರ್ ಅಲಾರಂ ಜೊತೆ ಜೋಡಣೆಯಾಗಿರಬೇಕು ಎಂಬುದು ಅದರ ಅಪೇಕ್ಷೆ. ಫೈರ್ ಅಲಾರಂ ಅಳವಡಿಕೆ ಮತ್ತು ನಿರ್ವಹಣೆಗೆ ಐಎಸ್ 2189 ಎಂಬ ಭಾರತೀಯ ಮಾನದಂಡ ಇದೆ. ರಾಷ್ಟ್ರೀಯ ಸಂಹಿತೆ ತಾನಾಗಿಯೇ ಕಾನೂನಾಗುವುದಿಲ್ಲ. ರಾಜ್ಯದ ಮತ್ತು ಸ್ಥಳೀಯ ಸಂಸ್ಥೆಗಳ ಕಟ್ಟಡ ನಿಯಮಗಳ ಮೂಲಕ ಜಾರಿಗೆ ಬರುತ್ತದೆ. ಆದ್ದರಿಂದ ನಿಮ್ಮ ಕಟ್ಟಡದ ಎತ್ತರ ಮತ್ತು ಜನಸಂಖ್ಯೆಗೆ ಏನು ಕಡ್ಡಾಯ ಎಂಬುದನ್ನು ಅಗ್ನಿಶಾಮಕ ಇಲಾಖೆಯಿಂದ ಬರವಣಿಗೆಯಲ್ಲಿ ಪಡೆಯಿರಿ. ಸಲಕರಣೆಗಳ ಗುಣಮಟ್ಟಕ್ಕೆ ಯುರೋಪಿನ ಇಎನ್ 54 ಎಂಬ ಮಾನದಂಡ ಸರಣಿಯ 16ನೆಯ ಮತ್ತು 24ನೆಯ ಭಾಗಗಳು, ಒಟ್ಟು ವಿನ್ಯಾಸಕ್ಕೆ ಅಮೆರಿಕದ ಅಗ್ನಿಸುರಕ್ಷಾ ಸಂಸ್ಥೆಯ ಫೈರ್ ಅಲಾರಂ ಮಾನದಂಡವಾದ ಎನ್‌ಎಫ್‌ಪಿಎ 72ರ 24ನೆಯ ಅಧ್ಯಾಯ ಇಲ್ಲಿಯ ವಿನ್ಯಾಸಕಾರರು ಸಾಮಾನ್ಯವಾಗಿ ಆಧರಿಸುವ ದಾಖಲೆಗಳು.

ಆಯ್ಕೆಯನ್ನು ಎಲ್ಲಿಂದ ಆರಂಭಿಸಬೇಕು?

ಕ್ಯಾಟಲಾಗ್ ತೆರೆಯುವ ಮುನ್ನ ಕಟ್ಟಡದ ನಕ್ಷೆಯೊಂದನ್ನು ಮುಂದಿಟ್ಟುಕೊಂಡು, ನೀವು ಕಂಡ ಅತಿ ಹೆಚ್ಚು ಜನ ಸೇರಿದ ದಿನ ಯಾರು ಯಾರು ಎಲ್ಲೆಲ್ಲಿ ಇದ್ದರು ಎಂದು ಗುರುತು ಹಾಕಿ. ಮುಖ್ಯ ಹಾಲ್ ಎಲ್ಲರ ನೆನಪಿಗೂ ಬರುತ್ತದೆ. ಮರೆತುಹೋಗುವುದು ನೆಲಮಾಳಿಗೆಯ ಪಾರ್ಕಿಂಗ್, ಹೊಗೆ ತುಂಬಿದ ಅಡುಗೆಮನೆ, ವಧುವಿನ ಕೋಣೆ, ಮೇಲ್ಮಹಡಿಯಲ್ಲಿ ಹಿಂದಿನ ರಾತ್ರಿ ಉಳಿದುಕೊಂಡವರ ಕೋಣೆಗಳು, ಶೌಚಾಲಯ ಮತ್ತು ಕೈತೊಳೆಯುವ ಜಾಗ. ಈ ಪ್ರತಿ ಜಾಗಕ್ಕೂ ಮಾತು ಮುಟ್ಟಬೇಕು.

ಗೇಟಿನ ಹೊರಗಿನವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯೋಜನೆ ಅಪೂರ್ಣ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡದ್ದು ಆಸನಗಳ ಸಾಲಿನಲ್ಲಲ್ಲ, ಗೇಟುಗಳ ಬಳಿ. ಗುಂಪಿನ ಹಿಂಭಾಗದಲ್ಲಿ ನಿಂತು ಮುಂದಕ್ಕೆ ಒತ್ತುವವರಿಗೆ ಮುಂದೆ ಏನಾಗುತ್ತಿದೆ ಎಂಬುದು ಕಾಣುವುದಿಲ್ಲ, ಕೇಳುವುದೂ ಇಲ್ಲ. ಗೇಟು ಮುಚ್ಚಿದೆ, ಒಳಗೆ ಜಾಗ ತುಂಬಿದೆ, ಹಿಂದಕ್ಕೆ ಸರಿಯಿರಿ ಎಂಬ ಮಾತು ಅವರಿಗೆ ತಲುಪಬೇಕಾದರೆ ಸ್ಪೀಕರ್‌ಗಳು ಗೇಟಿನ ಮೇಲಷ್ಟೇ ಅಲ್ಲದೆ ಜನ ಸಾಲುಗಟ್ಟುವ ರಸ್ತೆಯುದ್ದಕ್ಕೂ, ಆ ಜನರ ಹಿಂದಿನ ತುದಿಯವರೆಗೂ ಇರಬೇಕಾಗುತ್ತದೆ. ರಸ್ತೆಯಲ್ಲಿ ಅಳವಡಿಸಲು ಪೊಲೀಸರ ಮತ್ತು ಪಾಲಿಕೆಯ ಒಪ್ಪಿಗೆ ಬೇಕಾಗುವುದರಿಂದ ಆ ಮಾತುಕತೆಯನ್ನು ಮೊದಲೇ ಆರಂಭಿಸಿ.

ಗುರುತು ಹಾಕಿದ ನಕ್ಷೆಯನ್ನು ವಲಯಗಳಾಗಿ ಹಂಚಿ. ಅಡುಗೆಮನೆಯಲ್ಲಿ ಹೊಗೆ ಎದ್ದಾಗ ಊಟದ ಹಾಲ್‌ನವರು ತಕ್ಷಣ ಹೊರಡಬೇಕು. ಮೇಲಿನ ಮಹಡಿಯವರೂ ಅದೇ ಕ್ಷಣಕ್ಕೆ ಅದೇ ಮೆಟ್ಟಿಲಿಗೆ ಬಂದರೆ ಅಲ್ಲೇ ಇನ್ನೊಂದು ಅನಾಹುತ. ಚಿಕ್ಕ ಮಂಟಪಕ್ಕೆ ನಾಲ್ಕೈದು ವಲಯಗಳು ಸಾಕಾಗುತ್ತವೆ. ವಲಯ ಹೆಚ್ಚಿದಷ್ಟೂ ಗುಂಡಿಗಳು ಹೆಚ್ಚುತ್ತವೆ ಮತ್ತು ಗಾಬರಿಯಲ್ಲಿರುವವರು ತಪ್ಪು ಗುಂಡಿ ಒತ್ತುವ ಸಂಭವವೂ ಹೆಚ್ಚುತ್ತದೆ.

ಧ್ವನಿ ಎಷ್ಟು ಜೋರಾಗಿರಬೇಕು?

ಮಾರಾಟಗಾರರು ವ್ಯಾಟ್‌ಗಳ ಮಾತನ್ನೇ ಆಡುತ್ತಾರೆ, ಕೊಳ್ಳುವವರೂ ಅದನ್ನೇ ಕೇಳುತ್ತಾರೆ. ಆದರೆ ಎಷ್ಟು ಜೋರು ಎನ್ನುವುದಕ್ಕಿಂತ ಎಷ್ಟು ಸ್ಪಷ್ಟ ಎನ್ನುವುದು ದೊಡ್ಡ ಪ್ರಶ್ನೆ.

ಜೋರಿನ ಲೆಕ್ಕ ಸರಳ. ಎಚ್ಚರಿಕೆಯ ಸದ್ದು ಸ್ಥಳದ ಸರಾಸರಿ ಗದ್ದಲಕ್ಕಿಂತ 15 ಡೆಸಿಬೆಲ್ ಹೆಚ್ಚಿರಬೇಕು, 110 ಡೆಸಿಬೆಲ್ ಮೀರಬಾರದು ಎಂದು ಎನ್‌ಎಫ್‌ಪಿಎ 72 ಹೇಳುತ್ತದೆ. ಗದ್ದಲವನ್ನು ಅಳೆಯಬೇಕಾದದ್ದು ಖಾಲಿ ಹಾಲ್‌ನಲ್ಲಲ್ಲ. ಎರಡನೆಯ ಪಂಕ್ತಿ ನಡೆಯುತ್ತಿರುವ ಹೊತ್ತಿನಲ್ಲಿ, ಎಕ್ಸಾಸ್ಟ್ ಫ್ಯಾನ್‌ಗಳು ತಿರುಗುತ್ತಾ, ಬಡಿಸುವವರು ಬಕೆಟ್ ಸೌಟು ಹಿಡಿದು ಕೂಗಿಕೊಂಡು ಓಡಾಡುತ್ತಾ, ಸ್ಟೀಲ್ ಲೋಟಗಳು ಗ್ರಾನೈಟ್ ಮೇಜಿನ ಮೇಲೆ ಬೀಳುತ್ತಾ ಇರುವಾಗ ಮೀಟರ್ ಹಿಡಿದು ನೋಡಿದರೆ ಬರುವ ಅಂಕಿ ಖಾಲಿ ಹಾಲ್‌ನ ಅಂಕಿಗಿಂತ ಎಷ್ಟೋ ಮೇಲಿರುತ್ತದೆ.

ಸ್ಪಷ್ಟತೆಯನ್ನು ಮಾತಿನ ಪ್ರಸರಣ ಸೂಚ್ಯಂಕ, ಅಂದರೆ ಎಸ್‌ಟಿಐ, ಎಂಬ 0ಯಿಂದ 1ರವರೆಗಿನ ಅಂಕಿಯಲ್ಲಿ ಅಳೆಯುತ್ತಾರೆ. ಅಳೆದ ಸ್ಥಳಗಳ ಸರಾಸರಿ 0.50ಕ್ಕಿಂತ ಕಡಿಮೆಯಾಗಬಾರದು, ಶೇ. 90ರಷ್ಟು ಸ್ಥಳಗಳಲ್ಲಿ 0.45ಕ್ಕಿಂತ ಕೆಳಗಿಳಿಯಬಾರದು ಎಂಬುದು ಎನ್‌ಎಫ್‌ಪಿಎ ಸೂಚಿಸುವ ಮಟ್ಟ. ನಮ್ಮ ಮಂಟಪಗಳು ಈ ಪರೀಕ್ಷೆಯಲ್ಲಿ ಎಡವುವುದಕ್ಕೆ ಕಾರಣ ಕಟ್ಟಡವೇ: ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಗೋಡೆಗೆ ಗ್ರಾನೈಟ್, ಮೇಲೆ ಶೀಟ್ ಅಥವಾ ಬರೀ ಕಾಂಕ್ರೀಟ್. ಸದ್ದು ಎಲ್ಲ ಕಡೆಯಿಂದ ಪುಟಿದು ಬಂದು ಒಂದು ಅಕ್ಷರದ ಮೇಲೆ ಇನ್ನೊಂದು ಅಕ್ಷರ ಬೀಳುತ್ತದೆ. ಆಗ ವಾಲ್ಯೂಮ್ ಏರಿಸಿದರೆ ಪ್ರತಿಧ್ವನಿಯೂ ಅಷ್ಟೇ ಏರುತ್ತದೆ.

ಇದಕ್ಕೆ ಪರಿಹಾರ ಎರಡು ದೊಡ್ಡ ಸ್ಪೀಕರ್‌ಗಳ ಬದಲು, ಜನರಿಗೆ ಹತ್ತಿರವಾಗಿ ಹಲವು ಚಿಕ್ಕ ಸ್ಪೀಕರ್‌ಗಳನ್ನು ಹಾಕುವುದು. ದೂರ ಇಮ್ಮಡಿಯಾದಾಗಲೆಲ್ಲ ಬಯಲಿನಲ್ಲಿ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ; ಹತ್ತಿರದ ಸ್ಪೀಕರ್‌ಗೆ ಕಿರುಚುವ ಅಗತ್ಯವಿಲ್ಲ. ಮೂರೂವರೆ ಮೀಟರ್ ಎತ್ತರದ ಚಾವಣಿಯ ಊಟದ ಹಾಲ್‌ಗೆ ನಾಲ್ಕೈದು ಮೀಟರ್‌ಗೊಂದು ಚಾವಣಿ ಸ್ಪೀಕರ್ ಸರಿಹೊಂದುತ್ತದೆ. ತುಂಬ ಎತ್ತರದ ಮುಖ್ಯ ಹಾಲ್‌ಗೆ ಗೋಡೆಯ ಕಾಲಂ ಸ್ಪೀಕರ್‌ಗಳು ಮೇಲು. ಕ್ರೀಡಾಂಗಣದಲ್ಲಿ ಮತ್ತೊಂದು ತೊಡಕಿದೆ: ಸದ್ದು 34 ಮೀಟರ್ ಸಾಗಲು ಸುಮಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿಯುವುದರಿಂದ ದೂರದ ಸ್ಪೀಕರ್‌ನ ಮಾತು ಹತ್ತಿರದ ಸ್ಪೀಕರ್‌ನ ಮಾತಿನ ಮೇಲೆ ತಡವಾಗಿ ಬಂದು ಬೀಳುತ್ತದೆ. ಸ್ಪೀಕರ್ ಸಾಲುಗಳ ನಡುವೆ ವಿಳಂಬವನ್ನು ಲೆಕ್ಕ ಹಾಕಿ ಹೊಂದಿಸುವ ಸೌಲಭ್ಯ ಇದೆಯೇ ಎಂದು ವಿಚಾರಿಸಿ.

ವ್ಯಾಟ್ ಲೆಕ್ಕ ಇಷ್ಟೇ: 6 ವ್ಯಾಟ್‌ಗೆ ಹೊಂದಿಸಿದ 60 ಸ್ಪೀಕರ್‌ಗಳಾದರೆ 360 ವ್ಯಾಟ್, ಅದಕ್ಕೆ ಕಾಲು ಭಾಗ ಹೆಚ್ಚು ಸೇರಿಸಿದರೆ 450. ಅಲ್ಲಿಗೆ 500 ವ್ಯಾಟ್‌ನ ಆಂಪ್ಲಿಫೈಯರ್, ಜೊತೆಗೆ ಅದು ಕೆಟ್ಟರೆ ತಾನಾಗಿ ಕೆಲಸ ವಹಿಸಿಕೊಳ್ಳುವ ಇನ್ನೊಂದು.

ಆರ್ಕೆಸ್ಟ್ರಾ, ಡಿಜೆ, ವಾಲಗದ ಸದ್ದಿನ ನಡುವೆ ಘೋಷಣೆ ಕೇಳಿಸುವುದು ಹೇಗೆ?

ಕೇಳಿಸುವುದಿಲ್ಲ, ಆ ಸದ್ದನ್ನು ನಿಲ್ಲಿಸಲೇಬೇಕು. ಆರತಕ್ಷತೆಯ ಸಂಜೆ ಆರ್ಕೆಸ್ಟ್ರಾ 95 ಡೆಸಿಬೆಲ್‌ನಷ್ಟು ಸದ್ದು ಮಾಡುತ್ತಿದ್ದರೆ ಅದನ್ನು ಮೀರಿಸಿ ಮಾತನಾಡಲು ಹೊರಡುವ ಯಾವ ವ್ಯವಸ್ಥೆಯೂ ಕಿವಿಗೆ ಹಾನಿ ಮಾಡುವ ಮಟ್ಟ ತಲುಪುತ್ತದೆ. ಆದ್ದರಿಂದ ತುರ್ತು ಸಂಕೇತ ಬಂದ ಕೂಡಲೇ ವೇದಿಕೆಯ ಸೌಂಡ್‌ಗೆ ಕರೆಂಟ್ ಕೊಡುವ ಪ್ಲಗ್‌ಗಳನ್ನು ಕಾಂಟ್ಯಾಕ್ಟರ್ ಎಂಬ ತಾನಾಗಿ ಕೆಲಸ ಮಾಡುವ ಸ್ವಿಚ್ ಮೂಲಕ ಕಡಿತಗೊಳಿಸುವ ಏರ್ಪಾಡು ಇರಲೇಬೇಕು. ಹಾಲ್‌ನ ದೀಪಗಳು ಈ ಕಡಿತದಿಂದ ಹೊರಗಿರಬೇಕು ಮತ್ತು ಕತ್ತಲು ಮಾಡಿಕೊಂಡಿದ್ದರೆ ಪೂರ್ತಿ ಹೊತ್ತಿಕೊಳ್ಳಬೇಕು.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸೂಕ್ಷ್ಮವಿದೆ. ಸೌಂಡ್‌ನವರು ತಮ್ಮದೇ ಆಂಪ್ಲಿಫೈಯರ್, ತಮ್ಮದೇ ಜನರೇಟರ್ ತರುತ್ತಾರೆ. ಜನರೇಟರ್ ಗಾಡಿ ಹಿತ್ತಲಲ್ಲಿ ನಿಂತಿರುತ್ತದೆ, ಅಲ್ಲಿಂದ ಒಂದು ಕಪ್ಪು ಕೇಬಲ್ ಕಿಟಕಿಯ ಮೂಲಕ ನೇರವಾಗಿ ವೇದಿಕೆಯ ಹಿಂಬದಿಗೆ ಬರುತ್ತದೆ. ಕಟ್ಟಡದ ಕಾಂಟ್ಯಾಕ್ಟರ್‌ಗೂ ಆ ಕೇಬಲ್‌ಗೂ ಸಂಬಂಧವೇ ಇಲ್ಲ. ಹೊರಗಿನ ಜನರೇಟರ್ ಸಂಪರ್ಕವನ್ನೂ ಮಂಟಪದ ಕಡಿತ ಪೆಟ್ಟಿಗೆಯ ಮೂಲಕವೇ ಕೊಡಬೇಕು ಎಂಬ ಷರತ್ತನ್ನು ಬುಕಿಂಗ್ ಕರಾರಿನಲ್ಲೇ ಸೇರಿಸಿ, ಪೆಟ್ಟಿಗೆಗೆ ಅದಕ್ಕೆ ತಕ್ಕ ಸಾಕೆಟ್ ಹಾಕಿಸಿ. ವಾಲಗ, ತಮಟೆ, ಚೆಂಡೆಗಳಿಗೆ ಪ್ಲಗ್ ಇಲ್ಲವಾದ್ದರಿಂದ ಅವರಿಗೆ ಕಾಣುವ ಜಾಗದಲ್ಲಿ ಮಿನುಗುವ ದೀಪವಿರಬೇಕು. ದೀಪ ಹೊತ್ತಿದರೆ ನುಡಿಸುವುದನ್ನು ನಿಲ್ಲಿಸಬೇಕೆಂದು ಕಾರ್ಯಕ್ರಮಕ್ಕೆ ಮೊದಲೇ ತಿಳಿಸಿ.

ಎಸ್‌ಎಂಎಸ್, ವಾಟ್ಸಾಪ್, ಆ್ಯಪ್‌ಗಳ ಮೂಲಕ ಎಲ್ಲರಿಗೂ ಸಂದೇಶ ಕಳುಹಿಸಿದರೆ ಆಗದೇ?

ಸಿಬ್ಬಂದಿಗೆ ತಿಳಿಸಲು ಬಹಳ ಉಪಯುಕ್ತ, ಬಂದ ಜನರಿಗೆ ತಿಳಿಸಲು ನಂಬುವಂಥದ್ದಲ್ಲ. ಅತಿಥಿಗಳ ಮೊಬೈಲ್ ಸಂಖ್ಯೆ ನಿಮ್ಮಲ್ಲಿ ಇರುವುದಿಲ್ಲ. ಟಿಕೆಟ್ ಮಾರುವ ಸ್ಥಳಗಳಲ್ಲಿ ಇದ್ದರೂ, ಸಾವಿರಾರು ಜನ ಒಂದೆಡೆ ಸೇರಿದಾಗ ನೆಟ್‌ವರ್ಕ್ ತುಂಬಿ ಸಂದೇಶ ತಡವಾಗುತ್ತದೆ. ಅಲ್ಲದೆ ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಟ್ರಾಯ್ 2018ರಲ್ಲಿ ತಂದ ನಿಯಮಗಳ ಪ್ರಕಾರ ಸಂಸ್ಥೆಗಳು ಕಳುಹಿಸುವ ಸಗಟು ಎಸ್‌ಎಂಎಸ್‌ಗೆ ಕಳುಹಿಸುವವರ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು. ಆ ಗಳಿಗೆಯಲ್ಲಿ ಹೊಸದಾಗಿ ಬರೆದ ಸಂದೇಶ ಹೋಗುವುದೇ ಇಲ್ಲ.

2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಮೊಬೈಲ್‌ಗಳಲ್ಲಿ ಜೋರಾದ ಸದ್ದಿನೊಂದಿಗೆ ಬಂದ ಪರೀಕ್ಷಾ ಸಂದೇಶವನ್ನು ನೆನಪಿಸಿಕೊಂಡು, ಅಂಥದ್ದನ್ನು ನಾವೂ ಕಳುಹಿಸಬಹುದೇ ಎಂದು ಕೆಲವರು ಕೇಳುತ್ತಾರೆ. ಅದು ಸೆಲ್ ಬ್ರಾಡ್‌ಕಾಸ್ಟ್. ಒಂದು ಪ್ರದೇಶದ ಟವರ್‌ಗಳಿಂದ ಅಲ್ಲಿರುವ ಎಲ್ಲ ಫೋನ್‌ಗಳಿಗೂ ಒಟ್ಟಿಗೇ ಹೋಗುವ ಈ ಸಂದೇಶವನ್ನು ಸರ್ಕಾರದ ಅಧಿಕೃತ ಸಂಸ್ಥೆಗಳಷ್ಟೇ ಕಳುಹಿಸಬಲ್ಲವು. ಖಾಸಗಿ ಮಂಟಪಕ್ಕೆ ಆ ಅವಕಾಶವಿಲ್ಲ.

ಪ್ರಕಟಣೆ ಯಾವ ಭಾಷೆಯಲ್ಲಿ, ಯಾವ ಮಾತುಗಳಲ್ಲಿ ಇರಬೇಕು?

ಕನ್ನಡ ಮೊದಲು, ನಂತರ ಇಂಗ್ಲಿಷ್, ಹಿಂದಿ. ಗಡಿ ಜಿಲ್ಲೆಗಳಲ್ಲಿ ತೆಲುಗು, ಮರಾಠಿ, ತಮಿಳು ಅಥವಾ ಮಲಯಾಳಂ ಕೂಡ ಬೇಕಾಗಬಹುದು. ಅಡುಗೆಮನೆಯಲ್ಲಿ, ಅಲಂಕಾರದ ಕೆಲಸದಲ್ಲಿ ಹೊರರಾಜ್ಯಗಳಿಂದ ಬಂದ ಕೆಲಸಗಾರರು ಇರುವುದರಿಂದ ಆ ವಲಯಕ್ಕೆ ಹಿಂದಿಯ ಪ್ರಕಟಣೆಯನ್ನು ತಡಮಾಡದೆ ಕೊಡುವುದು ನ್ಯಾಯ. ಎಲ್ಲ ಭಾಷೆಗಳೂ ಸೇರಿ ಒಂದು ಸುತ್ತು ಅರ್ಧ ನಿಮಿಷದ ಆಸುಪಾಸಿನಲ್ಲಿ ಮುಗಿಯುವಷ್ಟು ಪ್ರತಿ ಪ್ರಕಟಣೆಯೂ ಚಿಕ್ಕದಾಗಿರಲಿ.

ಮಾತಿನಲ್ಲಿ ಹೇಳುತ್ತಿರುವವರು ಯಾರು, ಏನಾಗಿದೆ, ಎಲ್ಲಿ, ಈಗ ಏನು ಮಾಡಬೇಕು ಎಂಬುದು ಇರಬೇಕು. ಉದಾಹರಣೆಗೆ: "ಗಮನಿಸಿ. ಇದು ಮಂಟಪದ ವ್ಯವಸ್ಥಾಪಕರ ಪ್ರಕಟಣೆ. ಅಡುಗೆಮನೆಯಲ್ಲಿ ಬೆಂಕಿ ಕಾಣಿಸಿಕೊಂಡಿದೆ. ಊಟದ ಹಾಲ್‌ನಲ್ಲಿರುವವರು ಈಗಲೇ ಎದ್ದು ತೋಟದ ಕಡೆಯ ಹಸಿರು ಬಾಗಿಲಿನಿಂದ ಹೊರಗೆ ಹೋಗಿ. ಲಿಫ್ಟ್ ಬಳಸಬೇಡಿ." ಪೂರ್ವದ ದ್ವಾರ, ಎರಡನೇ ನಿರ್ಗಮನ ಎಂಬಂಥ ಹೆಸರುಗಳು ನಕ್ಷೆಯಲ್ಲಿ ಸರಿ, ಅತಿಥಿಗೆ ಅರ್ಥವಾಗುವುದಿಲ್ಲ. ಕೈತೊಳೆಯುವ ಜಾಗದ ಪಕ್ಕದ ಬಾಗಿಲು, ಗಣಪತಿ ವಿಗ್ರಹ ಇರುವ ಬಾಗಿಲು ಎಂದು ಕಣ್ಣಿಗೆ ಕಾಣುವುದನ್ನು ಹೇಳಿ. ಧ್ವನಿಮುದ್ರಣ ಮಾಡಿಸುವಾಗ ಜಾಹೀರಾತಿನ ಧ್ವನಿಯವರನ್ನು ಕರೆಸದೆ, ಸಾವಧಾನವಾಗಿ ಪದ ಬಿಡಿಸಿ ಮಾತನಾಡುವ ಯಾರನ್ನಾದರೂ ಆರಿಸಿ. ಧ್ವನಿಮುದ್ರಿತ ಪ್ರಕಟಣೆ ಒಮ್ಮೆ ಮುಗಿದ ಮೇಲೆ ಮೈಕ್ ಹಿಡಿದು ನೇರವಾಗಿ ಮಾತನಾಡಲು ಅವಕಾಶವಿರುವ ವ್ಯವಸ್ಥೆಯನ್ನೇ ಕೊಳ್ಳಿ, ಏಕೆಂದರೆ ಪರಿಸ್ಥಿತಿ ಬದಲಾಗುತ್ತಿರುತ್ತದೆ.

ಬೆಂಕಿ ಎಂದು ಹೇಳಿದರೆ ಜನ ಗಾಬರಿಯಾಗಿ ಓಡುವುದಿಲ್ಲವೇ?

ಈ ಭಯವೇ ಹಲವು ಕಡೆ ಪ್ರಾಣಹಾನಿಗೆ ಕಾರಣವಾಗಿದೆ ಎಂದು ನಾನು ನಂಬಿದ್ದೇನೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ಬಾಲ್ಕನಿಗೆ ಹೊಗೆ ನುಗ್ಗಿ 59 ಜನ ಸತ್ತರು. ಪ್ರೇಕ್ಷಕರನ್ನು ಎಚ್ಚರಿಸುವ ಘೋಷಣೆ ಅಲ್ಲಿ ಆಗಲಿಲ್ಲ. ಜನರು ದಿಕ್ಕೆಟ್ಟು ಓಡುವುದು ಹೆಚ್ಚಾಗಿ ಬೆಂಕಿಯನ್ನು ಕಣ್ಣಾರೆ ಕಂಡು, ಹೊರಹೋಗುವ ಸಮಯ ಮುಗಿಯುತ್ತಾ ಬಂದಾಗ. ಮೊದಲೇ ಸ್ಪಷ್ಟವಾಗಿ ತಿಳಿಸಿದರೆ ಅವರು ಮನೆಯವರನ್ನು ಕರೆದುಕೊಂಡು ನಡೆದು ಹೋಗಲು ಸಮಯ ಸಿಗುತ್ತದೆ. "ಗಾಬರಿಯಾಗಬೇಡಿ" ಎಂದು ಮಾತ್ರ ಹೇಳಿ ವಿಷಯ ಮುಚ್ಚಿಡುವುದರಿಂದ ಜನ ಒಬ್ಬರನ್ನೊಬ್ಬರು ಕೇಳುತ್ತಾ ನಿಲ್ಲುತ್ತಾರೆ, ಅಮೂಲ್ಯವಾದ ನಿಮಿಷಗಳು ಕಳೆಯುತ್ತವೆ.

ಘೋಷಣೆ ಮಾಡುವ ಅಧಿಕಾರ ಯಾರಿಗಿರಬೇಕು?

ನನ್ನ ಅನುಭವದಲ್ಲಿ ಅತ್ಯಂತ ದುರ್ಬಲವಾದ ಕೊಂಡಿ ಇದೇ. ಎಷ್ಟೋ ಕಡೆ ತುರ್ತು ಮೈಕ್ ಇರುವ ಕಪಾಟಿಗೆ ಬೀಗ, ಬೀಗದ ಕೈ ವ್ಯವಸ್ಥಾಪಕರ ಮೇಜಿನ ಡ್ರಾಯರ್‌ನಲ್ಲಿ, ಆ ಡ್ರಾಯರ್ ಇರುವ ಕೋಣೆಗೂ ಬೀಗ. ವ್ಯವಸ್ಥಾಪಕರು ಸಂಜೆ ಏಳಕ್ಕೇ ಮನೆಗೆ ಹೋಗಿರುತ್ತಾರೆ. ರಾತ್ರಿ ಒಂಬತ್ತಕ್ಕೆ ಹೊಗೆ ಕಂಡ ಕಾವಲುಗಾರರು ಅವರಿಗೆ ಫೋನ್ ಮಾಡುತ್ತಾರೆ, ಅವರು ಮಾಲೀಕರಿಗೆ ಫೋನ್ ಮಾಡುತ್ತಾರೆ, ಮದುವೆಯ ಮನೆಯವರಿಗೆ ಬೇಸರವಾದೀತೇ ಎಂದು ಮಾಲೀಕರು ಯೋಚಿಸುತ್ತಾರೆ.

1977ರ ಮೇ 28ರಂದು ಅಮೆರಿಕದ ಕೆಂಟಕಿ ರಾಜ್ಯದ ಬೆವರ್ಲಿ ಹಿಲ್ಸ್ ಸಪ್ಪರ್ ಕ್ಲಬ್‌ಗೆ ಬೆಂಕಿ ಬಿದ್ದಾಗ, ಮೇಜು ಒರೆಸುವ ಕೆಲಸದಲ್ಲಿದ್ದ 18 ವರ್ಷದ ವಾಲ್ಟರ್ ಬೈಲಿ ಅಪ್ಪಣೆಗೆ ಕಾಯದೆ ವೇದಿಕೆ ಹತ್ತಿ, ಮೈಕ್ ಹಿಡಿದು, ಬಾಗಿಲುಗಳನ್ನು ತೋರಿಸಿ ಹೊರಡಲು ಹೇಳಿದರು. ಅಂದು 165 ಜನ ಸತ್ತರು. ಅವರ ಮಾತು ಕೇಳಿ ಎದ್ದ ನೂರಾರು ಜನ ಬದುಕಿದರು. ಕೆಲವರು ಅದನ್ನು ವೇದಿಕೆಯ ಹಾಸ್ಯ ಪ್ರದರ್ಶನದ ಭಾಗವೆಂದುಕೊಂಡು ಕುಳಿತೇ ಇದ್ದರು ಎಂಬುದೂ ಗಮನಾರ್ಹ. ಘೋಷಣೆ ಯಾರದು ಎಂದು ಮೊದಲ ವಾಕ್ಯದಲ್ಲೇ ಹೇಳಬೇಕೆನ್ನುವುದು ಇದಕ್ಕಾಗಿ.

ಆದ್ದರಿಂದ ಪ್ರತಿ ಪಾಳಿಯಲ್ಲೂ ಸ್ಥಳದಲ್ಲೇ ಇರುವ ಕನಿಷ್ಠ ಇಬ್ಬರಿಗೆ, ಯಾರನ್ನೂ ಕೇಳದೆ ಘೋಷಣೆ ಮಾಡುವ ಅಧಿಕಾರವನ್ನು ಮಾಲೀಕರ ಸಹಿಯೊಂದಿಗೆ ಪತ್ರದಲ್ಲಿ ಕೊಡಿ. ಸದುದ್ದೇಶದಿಂದ ಮಾಡಿದ ಘೋಷಣೆ ತಪ್ಪಾದರೂ ಕೆಲಸಕ್ಕೆ ಸಂಚಕಾರ ಬರುವುದಿಲ್ಲ ಎಂಬ ಮಾತೂ ಅದೇ ಪತ್ರದಲ್ಲಿರಲಿ. ಮೈಕ್ ಪೆಟ್ಟಿಗೆಗೆ ಬೀಗದ ಬದಲು ಒಡೆಯಬಹುದಾದ ಮುದ್ರೆಯನ್ನೋ ಗಾಜನ್ನೋ ಹಾಕಿಸಿ.

ಕಿವಿ ಕೇಳದವರಿಗೆ, ನಡೆಯಲಾಗದವರಿಗೆ ಏನು ವ್ಯವಸ್ಥೆ?

ಮಿನುಗುವ ದೀಪಗಳು ಮತ್ತು ಅಕ್ಷರ ತೋರಿಸುವ ಎಲ್‌ಇಡಿ ಪರದೆಗಳು ಬೇಕು. ವೇದಿಕೆಯ ಎಲ್‌ಇಡಿ ಗೋಡೆಯ ಮೇಲೆ ತುರ್ತು ಸಂದೇಶ ಮೂಡುವಂತೆ ಮಾಡಿದರೆ ಎಲ್ಲರಿಗೂ ಅನುಕೂಲ. ದೀಪಗಳು ಸೆಕೆಂಡಿಗೆ ಒಂದೆರಡು ಸಲಕ್ಕಿಂತ ಹೆಚ್ಚು ಮಿನುಗಬಾರದು ಮತ್ತು ಒಂದೇ ಹಾಲ್‌ನಲ್ಲಿರುವವೆಲ್ಲ ಒಂದೇ ಲಯದಲ್ಲಿ ಮಿನುಗಬೇಕು. ಇಲ್ಲದಿದ್ದರೆ ಮೂರ್ಛೆರೋಗ ಇರುವವರಿಗೆ ತೊಂದರೆಯಾಗಬಹುದು. ಗಾಲಿಕುರ್ಚಿಯವರಿಗೂ ವೃದ್ಧರಿಗೂ ಪ್ರಕಟಣೆಯ ಜೊತೆಗೆ ಮನುಷ್ಯರ ನೆರವು ಬೇಕು. ಯಾವ ಸಿಬ್ಬಂದಿ ಯಾವ ಸಾಲಿನತ್ತ ಹೋಗಬೇಕು ಎಂದು ಮೊದಲೇ ಹಂಚಿರಿ.

ಕರೆಂಟ್ ಹೋದರೆ ವ್ಯವಸ್ಥೆ ಎಷ್ಟು ಹೊತ್ತು ನಡೆಯಬೇಕು?

ಕರೆಂಟ್ ಇಲ್ಲದೆ 24 ಗಂಟೆ ಸಿದ್ಧ ಸ್ಥಿತಿಯಲ್ಲಿದ್ದು, ಆಮೇಲೂ ಪೂರ್ಣ ಧ್ವನಿಯಲ್ಲಿ 15 ನಿಮಿಷ ಮಾತನಾಡಬಲ್ಲ ಬ್ಯಾಟರಿ ಎಂಬುದು ಎನ್‌ಎಫ್‌ಪಿಎ ಲೆಕ್ಕ. ಬ್ರಿಟಿಷ್ ಪದ್ಧತಿಯಲ್ಲಿ ಇದು 30 ನಿಮಿಷ. ನಾನು 30 ನಿಮಿಷವನ್ನೇ ಒಪ್ಪುತ್ತೇನೆ. ಜನರೇಟರ್ ಇದೆ ಎಂಬ ಕಾರಣಕ್ಕೆ ಬ್ಯಾಟರಿಯನ್ನು ಕೈಬಿಡಬೇಡಿ, ಏಕೆಂದರೆ ಬೆಂಕಿ ಬಿದ್ದಾಗ ಮುಖ್ಯ ವಿದ್ಯುತ್ ಪ್ಯಾನಲ್‌ನ ಸ್ವಿಚ್ ಆರಿಸುವುದೇ ಮೊದಲ ಕೆಲಸ.

ರಾತ್ರಿ 10ರ ನಂತರ ಧ್ವನಿವರ್ಧಕ ಬಳಸಬಾರದೆಂಬ ನಿಯಮ ಅಡ್ಡಿಯಾಗುತ್ತದೆಯೇ?

ಇಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸಿದರೂ ಸಾರ್ವಜನಿಕ ತುರ್ತು ಸಂದರ್ಭಕ್ಕೆ ವಿನಾಯಿತಿ ಕೊಟ್ಟಿವೆ. ಪರೀಕ್ಷೆಗಳನ್ನು ಮಾತ್ರ ಹಗಲಿನಲ್ಲೇ ಮಾಡಿ.

ತಪ್ಪು ಎಚ್ಚರಿಕೆ ಹೋದರೆ ಏನು ಮಾಡಬೇಕು?

ತಕ್ಷಣ, ಅದೇ ಸ್ಪೀಕರ್‌ಗಳಲ್ಲಿ, ತಪ್ಪಾಗಿದೆ ಎಂದು ನೇರವಾಗಿ ಹೇಳಬೇಕು. ಅದಕ್ಕೆ ಧ್ವನಿಮುದ್ರಿತ ಪ್ರಕಟಣೆಯನ್ನು ಮೊದಲೇ ಸಿದ್ಧವಾಗಿಡಬೇಕು. 2018ರ ಜನವರಿ 13ರಂದು ಹವಾಯಿ ದ್ವೀಪಗಳ ಜನರಿಗೆ ಕ್ಷಿಪಣಿ ಬರುತ್ತಿದೆ ಎಂಬ ಸುಳ್ಳು ಎಚ್ಚರಿಕೆ ಮೊಬೈಲ್‌ಗೆ ಹೋಯಿತು. ಅದನ್ನು ತಿದ್ದುವ ಸಂದೇಶ ಅದೇ ಮಾರ್ಗದಲ್ಲಿ ಹೋದದ್ದು 38 ನಿಮಿಷಗಳ ನಂತರ. ಹಿಂತೆಗೆದುಕೊಳ್ಳುವ ಸಂದೇಶದ ಮಾದರಿ ಸಿದ್ಧವಾಗಿರಲಿಲ್ಲ ಎಂಬುದು ತಡವಾಗಲು ಒಂದು ಕಾರಣ. ಜೊತೆಗೆ ಪರೀಕ್ಷೆಯ ಗುಂಡಿ ಮತ್ತು ನಿಜವಾದ ಗುಂಡಿ ಅಕ್ಕಪಕ್ಕದಲ್ಲಿ, ಒಂದೇ ಬಣ್ಣದಲ್ಲಿ ಇರುವ ಪ್ಯಾನಲ್ ಬೇಡ.

ಜಾತ್ರೆ, ಶಾಮಿಯಾನ, ಬಯಲು ಸಭೆಗಳಿಗೆ ಯಾವುದು ಸೂಕ್ತ?

1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಜನ, ಅವರಲ್ಲಿ ಹೆಚ್ಚಿನವರು ಮಕ್ಕಳು, ಸತ್ತದ್ದನ್ನು ಈ ಊರಿನ ಹಿರಿಯರು ಇನ್ನೂ ಮರೆತಿಲ್ಲ. ಬಟ್ಟೆಯ ಚಪ್ಪರದಲ್ಲಿ ಸಮಯ ಬಹಳ ಕಡಿಮೆ. ತಾತ್ಕಾಲಿಕ ಚಪ್ಪರಗಳ ಅಗ್ನಿಸುರಕ್ಷೆಗೆ ಐಎಸ್ 8758 ಎಂಬ ಮಾನದಂಡವಿದೆ, ಅದನ್ನು ಚಪ್ಪರ ಹಾಕುವವರಿಗೆ ತೋರಿಸಿ. ಬಯಲಿನಲ್ಲಿ ಹಾರ್ನ್ ಸ್ಪೀಕರ್‌ಗಳನ್ನು ಕಂಬಗಳ ಮೇಲೆ ಹಂಚಿ, ಬ್ಯಾಟರಿ ಜೊತೆ ಬಾಡಿಗೆಗೆ ಪಡೆಯಬಹುದು. ಪ್ರತಿ ದ್ವಾರದಲ್ಲೂ ಒಬ್ಬ ಸ್ವಯಂಸೇವಕರ ಕೈಗೆ ಬ್ಯಾಟರಿಯ ಮೆಗಾಫೋನ್ ಕೊಡಿ. ತೇರು ಎಳೆಯುವ ಹೊತ್ತಿನಲ್ಲಿ ಮಂಗಳವಾದ್ಯ, ಜಯಘೋಷಗಳ ನಡುವೆ ಸ್ಪೀಕರ್‌ನ ಮಾತು ಮುಳುಗುವುದರಿಂದ ಕೈಗೆಟುಕುವ ದೂರದಲ್ಲಿ ನಿಂತು ದಾರಿ ತೋರಿಸುವವರೇ ಆಧಾರ.

ಹಣ ಕಡಿಮೆ ಇದೆ. ಏನನ್ನು ಮೊದಲು ಮಾಡಿಸಬೇಕು?

ಮೊದಲು ಬಾಗಿಲುಗಳು: ಕಾರ್ಯಕ್ರಮ ನಡೆಯುವಾಗ ಹೊರಹೋಗುವ ಯಾವ ಬಾಗಿಲಿಗೂ ಬೀಗವಿರಬಾರದು. ಇದಕ್ಕೆ ಖರ್ಚಿಲ್ಲ. ನಂತರ ಅಧಿಕಾರ ಪತ್ರ, ಪ್ರಕಟಣೆಯ ಪಠ್ಯ, ಮೆಗಾಫೋನ್‌ಗಳು. ಆಮೇಲೆ ವೇದಿಕೆಯ ಸೌಂಡ್ ಕಡಿತಗೊಳಿಸುವ ಕಾಂಟ್ಯಾಕ್ಟರ್. ಅದಾದ ಮೇಲೆ ಊಟದ ಹಾಲ್ ಮತ್ತು ಅಡುಗೆಮನೆಗೆ ಬ್ಯಾಟರಿ ಸಹಿತ ಧ್ವನಿ ವ್ಯವಸ್ಥೆ, ಮುಂದೆ ಉಳಿದ ವಲಯಗಳು. ಹಂತ ಹಂತವಾಗಿ ಮಾಡುವುದಾದರೂ ಮುಖ್ಯ ಯಂತ್ರವನ್ನು ಪೂರ್ಣ ಯೋಜನೆಗೆ ತಕ್ಕಂತೆ ಆರಿಸಿ, ಪೇಂಟ್ ಮತ್ತು ಫಾಲ್ಸ್ ಸೀಲಿಂಗ್ ಕೆಲಸಕ್ಕೆ ಮುನ್ನವೇ ಕೇಬಲ್ ಎಳೆಸಿ.

ಹಣ ಪಾವತಿಸುವ ಮುನ್ನ ಏನನ್ನು ಪರೀಕ್ಷಿಸಬೇಕು?

ಮಾರಾಟಗಾರರ ಎದುರೇ ಒಂದು ಸ್ಪೀಕರ್‌ನ ತಂತಿ ಬಿಚ್ಚಿಸಿ. 100 ಸೆಕೆಂಡುಗಳೊಳಗೆ ಪ್ಯಾನಲ್ ದೋಷ ತೋರಿಸಬೇಕು. ಮುಖ್ಯ ಆಂಪ್ಲಿಫೈಯರ್ ಆಫ್ ಮಾಡಿಸಿ. ಬದಲಿಯದು ತಾನಾಗಿ ಕೆಲಸ ವಹಿಸಿಕೊಳ್ಳಬೇಕು. ಕರೆಂಟ್ ತೆಗೆಸಿ, ಬ್ಯಾಟರಿಯಲ್ಲಿ ನಿಗದಿತ ಹೊತ್ತು ಘೋಷಣೆ ಮಾಡಿಸಿ. ಎಸ್‌ಟಿಐ ಅಳತೆಯ ವರದಿಯನ್ನು, ಅಳೆದ ಜಾಗಗಳ ನಕ್ಷೆಯೊಂದಿಗೆ ಕೇಳಿ ಪಡೆಯಿರಿ. ಆಮೇಲೆ ಒಂದು ದೊಡ್ಡ ಕಾರ್ಯಕ್ರಮದ ದಿನ, ಬಂದವರಿಗೆ ಮುಂಚಿತವಾಗಿ ತಿಳಿಸಿ, ಮಾಮೂಲಿ ಪ್ರಕಟಣೆಯೊಂದನ್ನು ತುರ್ತು ಮೈಕ್‌ನಿಂದ ಮಾಡಿಸಿ. ಪಾತ್ರೆ ತೊಳೆಯುವ ಜಾಗದಲ್ಲಿರುವವರನ್ನು ಹೋಗಿ ಮಾತನಾಡಿಸಿ, ಏನು ಹೇಳಿದರೆಂದು ಅವರ ಬಾಯಿಂದಲೇ ಕೇಳಿ. ಕೊನೆಯ ಕಂತಿನ ಹಣವನ್ನು ಇಷ್ಟೆಲ್ಲ ಆಗುವವರೆಗೆ ತಡೆಹಿಡಿಯುವ ಷರತ್ತು ಖರೀದಿ ಆದೇಶದಲ್ಲೇ ಇರಲಿ.

ಅಳವಡಿಸಿದ ನಂತರದ ನಿರ್ವಹಣೆ ಹೇಗೆ?

ವಾರಕ್ಕೊಮ್ಮೆ ಒಂದೊಂದು ವಲಯದಲ್ಲಿ ಘೋಷಣೆ ಮಾಡಿ ನೋಡಿ. ವರ್ಷಕ್ಕೊಮ್ಮೆ ಬ್ಯಾಟರಿಯನ್ನು ಪೂರ್ಣ ಭಾರದಲ್ಲಿ ಪರೀಕ್ಷಿಸಿ. ಸೀಸದ ಬ್ಯಾಟರಿಗಳನ್ನು ಅವು ಕೆಡುವವರೆಗೆ ಕಾಯದೆ ತಯಾರಕರು ಹೇಳಿದ ಅವಧಿಗೆ ಬದಲಾಯಿಸಿ. ಕೌಂಟರ್, ಗೋಡೆ, ಬಾಗಿಲುಗಳನ್ನು ಬದಲಿಸಿದಾಗಲೆಲ್ಲ ಧ್ವನಿಮುದ್ರಿತ ಪ್ರಕಟಣೆಗಳನ್ನು ಮತ್ತೆ ಕೇಳಿಸಿಕೊಳ್ಳಿ. ತೋಟದ ಕಡೆಯ ಹಸಿರು ಬಾಗಿಲಿಗೆ ಬಿಳಿ ಬಣ್ಣ ಹೊಡೆಸಿದ್ದರೆ ಪ್ರಕಟಣೆಯನ್ನು ಅದೇ ವಾರ ಹೊಸದಾಗಿ ಧ್ವನಿಮುದ್ರಿಸಿ. ಪ್ರತಿ ಪರೀಕ್ಷೆಯ ದಿನಾಂಕ, ಮಾಡಿದವರ ಹೆಸರು, ಕಂಡ ದೋಷ ಮತ್ತು ಅದನ್ನು ಸರಿಪಡಿಸಿದ ದಿನವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಅಗ್ನಿಶಾಮಕ ಅಧಿಕಾರಿಗಳು ತಪಾಸಣೆಗೆ ಬಂದಾಗ ಕೇಳಬಹುದಾದ ದಾಖಲೆ ಅದು; ಅದನ್ನು ಪ್ಯಾನಲ್ ಪಕ್ಕದಲ್ಲೇ ಇಡಿ.